ಬೇಕೆಂದೇ ಬಿಟ್ಟ ತೆನೆ

ರೂತಳ ಹೆಸರೆತ್ತಿದರೆ ಬೈಬಲ್ ಬಲ್ಲವರಿಗೆಲ್ಲ ನೆನಪಾಗುವುದು ಒಂದೇ. ಮೋವಾಬಿನಿಂದ ಹೊರಟ ದಾರಿಯಲ್ಲಿ ನಿಂತು ಅವಳು ಅತ್ತೆ ನೊವೊಮಿಗೆ ಕೊಟ್ಟ ಮಾತು. ಅತ್ತೆಯ ಊರು, ಅತ್ತೆಯ ಜನ, ಅತ್ತೆಯ ದೇವರು, ಕಡೆಗೆ ಅತ್ತೆ ಮಣ್ಣಾಗುವ ನೆಲ, ಎಲ್ಲವನ್ನೂ ತನ್ನದಾಗಿಸಿಕೊಂಡ ಆ ಎರಡು ವಚನಗಳಿಗೆ ಸಿಕ್ಕಿರುವ ಮನ್ನಣೆ ಇಡೀ ಗ್ರಂಥಕ್ಕೆ ಸಿಕ್ಕಿಲ್ಲ. ಮದುವೆಯ ಆರಾಧನೆಯಲ್ಲಿ ಅದನ್ನು ಓದುತ್ತಾರೆ, ಕರೆಯೋಲೆಯ ಮೇಲೆ ಅಚ್ಚು ಹಾಕಿಸುತ್ತಾರೆ, ಚೌಕಟ್ಟು ಕಟ್ಟಿಸಿ ಪಡಸಾಲೆಯಲ್ಲಿ ತೂಗುಹಾಕುತ್ತಾರೆ. ಗಂಡ ಸತ್ತ ಸೊಸೆಯೊಬ್ಬಳು ಗಂಡ, ಮಕ್ಕಳು ಎಲ್ಲರನ್ನೂ ಕಳೆದುಕೊಂಡ ಮುದುಕಿಗೆ ಹೇಳಿದ ಮಾತು ಅದೆಂಬುದು ಕೇಳುವವರ ಗಮನಕ್ಕೇ ಬರುವುದಿಲ್ಲ.

ಆ ಮಾತು ದೊಡ್ಡದಲ್ಲವೆಂದು ನಾನು ವಾದಿಸುತ್ತಿಲ್ಲ. ಆದರೆ 4 ಅಧ್ಯಾಯ, 85 ವಚನಗಳ ಈ ಕಥೆ ತನ್ನ ಭಾರವನ್ನು ಆ ಮಾತಿನ ಮೇಲೆ ಹಾಕಿಲ್ಲ. ದೇವರ ಕೈಬಿಡದ ಪ್ರೀತಿ ಮನುಷ್ಯರ ಕೈಗೆ ಹೇಗೆ ಇಳಿಯುತ್ತದೆ ಎಂಬುದು ಇದರ ನಿಜವಾದ ವಿಷಯ. ಅದು ಬಯಲಾಗುವುದು ಎರಡನೆಯ ಅಧ್ಯಾಯದ ಒಂದು ಮಧ್ಯಾಹ್ನದಲ್ಲಿ, ಜವೆಗೋಧಿ ಕೊಯ್ಲಿನ ಹೊಲದಲ್ಲಿ, ಕೂಲಿಯಾಳುಗಳಿಗೆ ಕೊಟ್ಟ ಒಂದು ಅಪ್ಪಣೆಯಲ್ಲಿ. ಈ ಭಾಗವನ್ನು ಉಪದೇಶಕರೂ ವಿಮರ್ಶಕರೂ ಅವಸರದಲ್ಲಿ ದಾಟಿಬಿಡುತ್ತಾರೆ. ಮೊದಲನೆಯ ಅಧ್ಯಾಯದ ಆಣೆಯಿಂದ ಮೂರನೆಯ ಅಧ್ಯಾಯದ ಕಣದ ರಾತ್ರಿಗೆ ಹೋಗಲು ಅವರಿಗೆ ಇದು ಬರೀ ಸೇತುವೆ.

ಕಥೆಯ ಹಿನ್ನೆಲೆಯನ್ನು ಮತ್ತೆ ಹೇಳಬೇಕಾಗಿಲ್ಲ. ಬೇತ್ಲೆಹೇಮಿನ ಬರ, ನೊವೊಮಿಯ ಗಂಡ ಎಲೀಮೆಲೆಕನ ವಲಸೆ, ಮೋವಾಬಿನಲ್ಲಿ ಆದ ಮೂರು ಸಾವು, ಹಿಂದಿರುಗಿದ ಇನ್ನೊಬ್ಬ ಸೊಸೆ ಒರ್ಫಾ, ಎಲ್ಲವೂ ಓದುಗರಿಗೆ ಗೊತ್ತಿರುವಂಥದ್ದೇ. ಈ ಕೈಬಿಡದ ಪ್ರೀತಿಗೆ ಹೀಬ್ರೂವಿನಲ್ಲಿರುವ ಹೆಸೆದ್ ಎಂಬ ಪದದ ಚರ್ಚೆಗೂ ನಾನು ಹೋಗುವುದಿಲ್ಲ. 1927ರಲ್ಲಿ ನೆಲ್ಸನ್ ಗ್ಲೂಕ್ ಅದನ್ನು ಒಡಂಬಡಿಕೆಯ ಕರ್ತವ್ಯವೆಂದು ವಿವರಿಸಿದ. 1978ರಲ್ಲಿ ಕ್ಯಾಥರೀನ್ ಸಾಕನ್‌ಫೆಲ್ಡ್ ಅದನ್ನು ತಿದ್ದಿ, ಆಪತ್ತಿನಲ್ಲಿರುವವರಿಗೆ ಕೊಡಬಲ್ಲವರು ಯಾರ ಒತ್ತಾಯವೂ ಇಲ್ಲದೆ ಹೊರುವ ಹೊಣೆ ಅದೆಂದರು. ಸಾಕನ್‌ಫೆಲ್ಡ್ ಹೇಳಿದ್ದೇ ಸರಿ ಎಂದುಕೊಂಡು ಮುಂದೆ ಹೋಗುತ್ತೇನೆ.

ಆಣೆಯ ನಂತರ ಏನಾಯಿತೆಂದು ನೋಡಬೇಕು. ನೊವೊಮಿ ಉತ್ತರ ಕೊಡಲಿಲ್ಲ. ಸೊಸೆಯ ಹಟ ಗಟ್ಟಿಯೆಂದು ಕಂಡು ಮಾತು ನಿಲ್ಲಿಸಿದಳು, ಅಷ್ಟೇ. ಅಪ್ಪಿಕೊಳ್ಳಲಿಲ್ಲ, ಹರಸಲಿಲ್ಲ. ಬೇತ್ಲೆಹೇಮ್ ತಲುಪಿದ ಮೇಲೆ ಊರ ಹೆಂಗಸರ ಮುಂದೆ, ತುಂಬಿಕೊಂಡು ಹೋದವಳನ್ನು ದೇವರು ಬರಿಗೈಯಲ್ಲಿ ಕರೆತಂದನೆಂದು ಅವಳು ಗೋಳಾಡುವಾಗ ರೂತಳು ಪಕ್ಕದಲ್ಲೇ ನಿಂತಿದ್ದಾಳೆ. ಅವಳ ಹೆಸರೂ ಆ ಬಾಯಲ್ಲಿ ಬರುವುದಿಲ್ಲ. ಸಾಯುವ ತನಕ ಜೊತೆಗಿರುತ್ತೇನೆಂದವಳು ಅತ್ತೆಯ ಲೆಕ್ಕದಲ್ಲಿ ಶೂನ್ಯ. ನಿರೂಪಕ ಇದನ್ನು ಖಂಡಿಸುವುದಿಲ್ಲ, ಸಮಜಾಯಿಷಿಯನ್ನೂ ಕೊಡುವುದಿಲ್ಲ. ಜವೆಗೋಧಿಯ ಕೊಯ್ಲು ಶುರುವಾಗಿತ್ತೆಂದು ತಿಳಿಸಿ ಅಧ್ಯಾಯ ಮುಗಿಸುತ್ತಾನೆ. ಆಣೆಗೆ ಕಥೆಯೊಳಗೆ ಸಿಕ್ಕ ಪ್ರತಿಕ್ರಿಯೆ ಇಷ್ಟೇ. ಮಾತಿನಿಂದ ನೊವೊಮಿಯ ಕಹಿ ಕರಗಲಿಲ್ಲ, ಕರಗುತ್ತದೆಂದು ನಿರೂಪಕನೂ ನಂಬಿಲ್ಲ. ಮನೆಯಲ್ಲಿ ಹಿಟ್ಟಿಲ್ಲ. ಕಥೆ ಅಲ್ಲಿಂದ ಮುಂದುವರಿಯುತ್ತದೆ.

ಹಾಗಾದರೆ ಆಣೆ ಇಷ್ಟು ಬೆಳೆದದ್ದು ಹೇಗೆ? ಯುರೋಪಿನ ಕಾವ್ಯ, ಚಿತ್ರಕಲೆಗಳಿಗೂ ಇದರಲ್ಲಿ ಪಾಲಿದೆ. 1819ರಲ್ಲಿ ಪ್ರಕಟವಾದ ತನ್ನ ದಿವಾನ್ ಕವನಸಂಕಲನದ ಟಿಪ್ಪಣಿಗಳಲ್ಲಿ ಗಯಟೆ ಈ ಗ್ರಂಥವನ್ನು ಪುಟ್ಟದಾದ, ಪರಮ ಸುಂದರವಾದ ಕೃತಿಯೆಂದು ಕೊಂಡಾಡಿದ. ಅದೇ ವರ್ಷ ಬರೆದ ನೈಟಿಂಗೇಲ್ ಕವಿತೆಯಲ್ಲಿ ಕೀಟ್ಸ್ ರೂತಳನ್ನು ತವರಿಗಾಗಿ ಹಂಬಲಿಸಿ ಪರದೇಶದ ಪೈರಿನ ನಡುವೆ ಅಳುವ ಹೆಣ್ಣಾಗಿ ನಿಲ್ಲಿಸಿದ. ಮೂಲದಲ್ಲಿ ಹೊಲದ ನಡುವೆ ಒಂದು ಹನಿ ಕಣ್ಣೀರೂ ಇಲ್ಲ. ಅತ್ತದ್ದೆಲ್ಲ ಮೊದಲನೆಯ ಅಧ್ಯಾಯದಲ್ಲಿ, ದಾರಿಯ ಮೇಲೆ. ಹೊಲದಲ್ಲಿ ಅವಳಿಗೆ ಅಳಲು ಪುರುಸೊತ್ತಿಲ್ಲ. 1660ರ ದಶಕದ ಆರಂಭದಲ್ಲಿ ಪೂಸೆನ್ ಬರೆದ, ಈಗ ಲೂವ್ರ್‌ನಲ್ಲಿರುವ ‘ಬೇಸಿಗೆ’ ಚಿತ್ರದಲ್ಲಿ ರೂತಳು ಹೊಲದ ಒಡೆಯ ಬೋವಜನ ಮುಂದೆ ಮಂಡಿಯೂರಿದ್ದಾಳೆ. ಕಲಾವಿದರಿಗೆ ಅಳುವ ರೂತಳು ಬೇಕು, ಮಂಡಿಯೂರಿದ ರೂತಳು ಬೇಕು, ಆಣೆಯಿಡುವ ರೂತಳು ಬೇಕು. ಹಕ್ಕಲಾಯುವ ರೂತಳು ಹಿನ್ನೆಲೆಗೆ ಸರಿದಳು.

ವಿದ್ವಾಂಸರೂ ಇದೇ ಹಾದಿ ಹಿಡಿದರು. ಫಿಲಿಸ್ ಟ್ರಿಬಲ್ 1978ರಲ್ಲಿ ಬರೆದ ಪ್ರಬಂಧಕ್ಕೆ ನಾವೆಲ್ಲರೂ ಋಣಿಗಳು. ರೂತಳ ನಿರ್ಧಾರ ಅಬ್ರಹಾಮನ ನಂಬಿಕೆಯ ಜಿಗಿತವನ್ನೂ ಮೀರಿಸುವಂಥದ್ದೆಂದು ಅವರು ವಾದಿಸಿದರು. ಅಬ್ರಹಾಮನಿಗೆ ದೇವರ ಕರೆಯಿತ್ತು, ವಾಗ್ದಾನವಿತ್ತು, ಜೊತೆಗೆ ಹೆಂಡತಿಯಿದ್ದಳು. ರೂತಳಿಗೆ ಯಾವುದೂ ಇರಲಿಲ್ಲ. ವಾದ ಬಲವಾದದ್ದೇ. ಆದರೆ ಇದು ಪ್ರೀತಿಯನ್ನು ಒಂದು ಸಾಹಸದ ಗಳಿಗೆಯಿಂದ ಅಳೆಯುತ್ತದೆ. ಜಿಗಿದವರು ಮಾರನೆಯ ದಿನ ಏನು ಮಾಡಿದರು, ಮೂರನೆಯ ದಿನ ಏನು ಮಾಡಿದರು ಎಂಬ ಪ್ರಶ್ನೆ ಹಿಂದಕ್ಕೆ ಬೀಳುತ್ತದೆ. ಜವೆಗೋಧಿಯ ಕೊಯ್ಲು ಮುಗಿದು ಗೋಧಿಯ ಕೊಯ್ಲೂ ಮುಗಿಯುವವರೆಗೆ ರೂತಳು ಹೊಲಕ್ಕೆ ಹೋದಳು ಎಂದು ಎರಡನೆಯ ಅಧ್ಯಾಯದ ಕೊನೆಯ ವಚನ ಹೇಳುತ್ತದೆ. ವಾರಗಟ್ಟಲೆ ಬಗ್ಗಿದ ಬೆನ್ನು ಅದು. ಕೈಬಿಡದ ಪ್ರೀತಿಗೆ ಈ ಗ್ರಂಥ ಒದಗಿಸುವ ಪುರಾವೆ ಆ ಬೆನ್ನಿನಲ್ಲಿದೆ.

ಹಕ್ಕಲು ಎಂದರೇನೆಂದು ನಮ್ಮ ಬಯಲುಸೀಮೆಯವರಿಗೆ ಹೇಳಿಕೊಡಬೇಕಾಗಿಲ್ಲ. ಕುಯ್ದವರು ಮುಂದೆ ಹೋದ ಮೇಲೆ ಕೂಳೆಯ ನಡುವೆ ಬಿದ್ದ ತೆನೆಯನ್ನು ಒಂದೊಂದಾಗಿ ಎತ್ತಿ ಮಡಿಲಿಗೆ ಹಾಕಿಕೊಳ್ಳುವ ಕೆಲಸ. ಕೂಳೆ ಕಾಲಿಗೆ ಚುಚ್ಚುತ್ತದೆ, ಜವೆಯ ಸುಂಕು ಬೆರಳಿಗೆ ಹತ್ತುತ್ತದೆ, ದಿನವಿಡೀ ಬಗ್ಗಿದರೂ ಸಿಕ್ಕುವುದು ಬೊಗಸೆಗಳ ಲೆಕ್ಕ. ಇಸ್ರಾಯೇಲಿನಲ್ಲಿ ಇದು ಬಡವರ ಹಕ್ಕಾಗಿತ್ತು. ಹೊಲದ ಅಂಚನ್ನು ಪೂರ್ತಿ ಕುಯ್ಯಬೇಡ, ಉದುರಿದ್ದನ್ನು ಎತ್ತಿಕೊಳ್ಳಬೇಡ, ಅದು ಬಡವನಿಗೂ ಪರದೇಶಿಗೂ ಸೇರಿದ್ದು ಎಂದು ಯಾಜಕಕಾಂಡದ 19ನೆಯ ಅಧ್ಯಾಯ ವಿಧಿಸುತ್ತದೆ. ನೆರೆಯವನನ್ನು ನಿನ್ನಂತೆಯೇ ಪ್ರೀತಿಸು ಎಂಬ ಪ್ರಸಿದ್ಧ ಆಜ್ಞೆ ಇರುವುದೂ ಅದೇ ಅಧ್ಯಾಯದಲ್ಲಿ, ಕೆಲವೇ ವಚನಗಳ ಆಚೆ. ಪ್ರೀತಿಸಬೇಕೆಂದು ಹೇಳುವ ಮೊದಲು ಆ ಕಾನೂನು ಹೊಲದ ಮೂಲೆಯನ್ನು ತೋರಿಸಿತು. ಮುಂದೆ ಮಿಷ್ನಾದ ರಬ್ಬಿಗಳು ಇದರ ಲೆಕ್ಕವನ್ನು ಇನ್ನೂ ಬಿಗಿ ಮಾಡಿದರು. ಅಂಚು ಅರವತ್ತರಲ್ಲಿ ಒಂದು ಪಾಲಿಗಿಂತ ಕಡಿಮೆಯಾಗಬಾರದು. ಒಟ್ಟಿಗೆ ಬಿದ್ದ ತೆನೆ ಎರಡಾದರೆ ಬಡವರದು, ಮೂರಾದರೆ ಒಡೆಯನದು ಎಂದಿತು ಹಿಲ್ಲೇಲನ ಪಂಥ. ತಾಲ್ಮುದಿನಲ್ಲಿ ಒಬ್ಬ ರಬ್ಬಿ ರೂತಳನ್ನು ಈ ನಿಯಮದೊಳಕ್ಕೇ ತರುತ್ತಾನೆ: ಎರಡು ತೆನೆ ಬಿದ್ದಿದ್ದರೆ ಎತ್ತಿಕೊಂಡಳು, ಮೂರು ಬಿದ್ದಿದ್ದರೆ ಮುಟ್ಟಲಿಲ್ಲ. ರೂತಳ ಕುರಿತು ನಾನು ಓದಿದ ವ್ಯಾಖ್ಯಾನಗಳಲ್ಲಿ ಇದು ನನಗೆ ಬಹಳ ಪ್ರಿಯವಾದದ್ದು. ಆ ರಬ್ಬಿ ಅವಳ ಬೆರಳನ್ನು ನೋಡಿದ್ದಾನೆ.

ಈಗ ಆ ಮಧ್ಯಾಹ್ನಕ್ಕೆ ಬರೋಣ. ಬೆಳಗಿನಿಂದ ಅವಳು ಆಯುತ್ತಿದ್ದಾಳೆ. ಬೋವಜ ಅವಳೊಡನೆ ಒಮ್ಮೆ ಮಾತಾಡಿದ್ದಾನೆ. ಬೇರೆ ಹೊಲಕ್ಕೆ ಹೋಗಬೇಡ, ನನ್ನ ಹೆಣ್ಣಾಳುಗಳ ಜೊತೆಯಲ್ಲಿರು, ಆಳುಗಳು ಸೇದಿಟ್ಟ ನೀರು ಕುಡಿ ಎಂದಿದ್ದಾನೆ. ಇಸ್ರಾಯೇಲಿನ ದೇವರ ರೆಕ್ಕೆಯ ಮರೆಗೆ ಬಂದವಳಿಗೆ ತಕ್ಕ ಫಲ ಸಿಗಲಿ ಎಂದು ಹರಸಿದ್ದಾನೆ. ಇಲ್ಲಿಯವರೆಗಿನದು ಒಳ್ಳೆಯ ಮಾತು. ಊಟದ ಹೊತ್ತಿಗೆ ಅವನು ಅವಳನ್ನು ಹತ್ತಿರಕ್ಕೆ ಕರೆಯುತ್ತಾನೆ, ರೊಟ್ಟಿಯ ತುಂಡನ್ನು ಹುಳಿರಸದಲ್ಲಿ ಅದ್ದಿ ತಿನ್ನು ಎನ್ನುತ್ತಾನೆ, ಹುರಿದ ತೆನೆಕಾಳನ್ನು ತಾನೇ ಅವಳಿಗೆ ಕೊಡುತ್ತಾನೆ. ಅವಳು ಕೂತದ್ದು ಕುಯ್ಯುವವರ ಪಕ್ಕದಲ್ಲಿ. ಹೊಟ್ಟೆ ತುಂಬ ತಿಂದಳು, ಇನ್ನೂ ಮಿಕ್ಕಿತು.

ಮೋವಾಬ್ಯರನ್ನು ಹತ್ತನೆಯ ತಲೆಮಾರಿನವರೆಗೂ ಕರ್ತನ ಸಭೆಗೆ ಸೇರಿಸಬಾರದೆಂದು ಧರ್ಮೋಪದೇಶಕಾಂಡದ 23ನೆಯ ಅಧ್ಯಾಯ ಹೇಳುತ್ತದೆ. ಅಲ್ಲಿ ಕೊಟ್ಟ ಕಾರಣಗಳಲ್ಲಿ ಮೊದಲನೆಯದು, ಐಗುಪ್ತದಿಂದ ಬರುತ್ತಿದ್ದ ಇಸ್ರಾಯೇಲ್ಯರಿಗೆ ದಾರಿಯಲ್ಲಿ ಅವರು ರೊಟ್ಟಿ, ನೀರು ಕೊಡದೆ ಹೋದದ್ದು. ಈ ಹೊಲದಲ್ಲಿ ಇಸ್ರಾಯೇಲ್ಯನೊಬ್ಬ ಮೋವಾಬ್ಯಳಿಗೆ ಕೊಟ್ಟದ್ದು ಮೊದಲು ನೀರು, ಆಮೇಲೆ ರೊಟ್ಟಿ. ನಿರೂಪಕ ಆ ಕಾನೂನಿನ ಸುದ್ದಿಯನ್ನೇ ಎತ್ತುವುದಿಲ್ಲ. ಈ ಗ್ರಂಥ ಎಜ್ರ ಮತ್ತು ನೆಹೆಮೀಯರ ಕಾಲದ್ದೋ, ಅದಕ್ಕೂ ಹಳೆಯದೋ, ಪರದೇಶದ ಹೆಂಡಂದಿರನ್ನು ಹೊರಗಟ್ಟಿದ ನೀತಿಗೆ ಕೊಟ್ಟ ಉತ್ತರವೋ ಎಂಬ ಜಗಳ ಇನ್ನೂ ಮುಗಿದಿಲ್ಲ. ಯಾವ ಕಾಲದ್ದೇ ಆಗಲಿ, ಅವಳು ಆ ಹುಳಿರಸಕ್ಕೆ ರೊಟ್ಟಿ ಅದ್ದುವಾಗ ಆ ಹಳೆಯ ವಿಧಿಯ ಆಧಾರ ಅಲುಗಿತೆಂಬುದನ್ನು ಕಾನೂನು ಬಲ್ಲ ಕೇಳುಗ ತಾನೇ ಗುರುತಿಸಬೇಕು.

ಉಂಡೆದ್ದು ರೂತಳು ಮತ್ತೆ ಹೊಲಕ್ಕಿಳಿದಳು. ಆಗ ಬೋವಜ ಆಳುಗಳಿಗೆ ಅಪ್ಪಣೆ ಮಾಡಿದ: ಅವಳು ಸಿವುಡುಗಳ ನಡುವೆಯೂ ಆಯಲಿ, ಅವಳನ್ನು ನಾಚಿಸಬೇಡಿ, ಅಷ್ಟೇ ಅಲ್ಲ, ಹಿಡಿಗಳಿಂದ ಕೆಲವು ತೆನೆ ಎಳೆದು ಬೇಕೆಂದೇ ಕೆಳಗೆ ಬಿಡಿ, ಅವಳು ಎತ್ತಿಕೊಂಡರೆ ಗದರಿಸಬೇಡಿ.

ಇಡೀ ಗ್ರಂಥದ ಕೀಲು ಇದು. ಮೊದಲು, ಇದನ್ನು ಹೇಳಿದ್ದು ಯಾವಾಗ? ಅವಳು ಎದ್ದುಹೋದ ಮೇಲೆ. ಬೆಳಿಗ್ಗೆ ಹೇಳಿದ್ದನ್ನೆಲ್ಲ ಅವಳ ಮುಖಕ್ಕೇ ಹೇಳಿದ್ದ, ಅವಳು ಸಾಷ್ಟಾಂಗ ಬಿದ್ದು ಉಪಕಾರ ಸ್ಮರಿಸಿದ್ದಳು. ಈಗಿನ ಮಾತು ಅವಳ ಕಿವಿಗೆ ಬಿದ್ದಿತೆಂದು ಎಲ್ಲಿಯೂ ಹೇಳಿಲ್ಲ. ಈ ಸಲ ಸಾಷ್ಟಾಂಗವೂ ಇಲ್ಲ, ಉಪಕಾರ ಸ್ಮರಣೆಯೂ ಇಲ್ಲ. ಕೊಡುವವನು ಪಡೆಯುವವಳ ಕಣ್ಣಿಗೆ ಬೀಳದ ಜಾಗಕ್ಕೆ ಸರಿದಿದ್ದಾನೆ.

ಇನ್ನು ಕಾನೂನಿನ ಗೆರೆ. ಉದುರಿದ್ದು ಬಡವರ ಪಾಲು. ಸಿವುಡುಗಳ ನಡುವೆ ಇರುವುದು ಒಡೆಯನದು, ಹಿಡಿಯೊಳಗಿರುವುದಂತೂ ಪೂರ್ತಿ ಒಡೆಯನದು. ಬೋವಜ ತನ್ನ ಪಾಲಿನಿಂದ ತೆಗೆದು ಅವಳ ಪಾಲಿನ ಜಾಗದಲ್ಲಿ ಇರಿಸುತ್ತಿದ್ದಾನೆ. ನೆಲಕ್ಕೆ ಬಿದ್ದ ಮೇಲೆ ಆ ತೆನೆ ದಾನವಲ್ಲ, ಹಕ್ಕಲು. ಎತ್ತಿಕೊಳ್ಳುವುದು ಅವಳ ಹಕ್ಕು. ಒಂದು ಚೀಲ ಜವೆಗೋಧಿ ಹೊರಿಸಿ ಮನೆಗೆ ಕಳಿಸಲು ಅವನಿಗೆ ಅಡ್ಡಿಯಿರಲಿಲ್ಲ. ಶ್ರೀಮಂತ, ಹೊಲದ ತುಂಬ ಬೆಳೆ. ಹಾಗೆ ಕಳಿಸಿದ್ದರೆ ಊರಿನ ಕಣ್ಣಿಗೆ ಅವಳು ಬೋವಜನ ಭಿಕ್ಷೆ ಉಣ್ಣುವ ಪರದೇಶಿಯಾಗುತ್ತಿದ್ದಳು. ಈಗ ಅವಳು ದುಡಿದು ತಂದವಳು. ಬಗ್ಗಿ ಆಯ್ದದ್ದು, ಸಂಜೆ ಬಡಿದದ್ದು, ಹೊತ್ತು ತಂದದ್ದು ಎಲ್ಲವೂ ಅವಳೇ. ಮೈಮೊನಿಡಿಸ್ ಮುಂದೆ 12ನೆಯ ಶತಮಾನದಲ್ಲಿ ದಾನಕ್ಕೆ ಎಂಟು ಮೆಟ್ಟಿಲು ಕಟ್ಟಿದಾಗ, ಕೊಟ್ಟವರು ಪಡೆದವರು ಒಬ್ಬರನ್ನೊಬ್ಬರು ಅರಿಯದ ದಾನವನ್ನು ಎತ್ತರದಲ್ಲಿಟ್ಟು, ಬಡವನು ತನ್ನ ಕಾಲ ಮೇಲೆ ನಿಲ್ಲುವಂತೆ ಮಾಡುವುದನ್ನು ಅದಕ್ಕೂ ಮೇಲಿಟ್ಟ. ಬೋವಜನ ಅಪ್ಪಣೆ ಆ ಎರಡು ಮೆಟ್ಟಿಲುಗಳನ್ನೂ ಒಟ್ಟಿಗೆ ಹತ್ತುತ್ತದೆ.

ಆಳುಗಳ ವಿಷಯವನ್ನು ಯಾರೂ ಎತ್ತುವುದಿಲ್ಲ, ನನಗೆ ಅದೇ ಹೆಚ್ಚು ಕಾಡುತ್ತದೆ. ನಾಚಿಸಬೇಡಿ, ಗದರಿಸಬೇಡಿ ಎಂದು ಎರಡೆರಡು ಸಲ ಹೇಳಬೇಕಾಯಿತೆಂದರೆ ಹೊಲದಲ್ಲಿ ನಾಚಿಸುವುದು, ಗದರಿಸುವುದು ರೂಢಿಯೇ ಇದ್ದಿರಬೇಕು. ಮುಟ್ಟಕೂಡದೆಂದು ಬೋವಜ ಬೆಳಿಗ್ಗೆಯೇ ಎಚ್ಚರಿಸಿದ್ದ. ಬೇರೆಯವರ ಹೊಲದಲ್ಲಿ ಕೇಡಾದೀತೆಂದು ನೊವೊಮಿಯೂ ಅಂಜುತ್ತಾಳೆ. ಒಂಟಿ ಹೆಣ್ಣು, ಅದರಲ್ಲೂ ಮೋವಾಬ್ಯಳು, ಹಕ್ಕಲಾಯುವ ಹೊಲ ಎಷ್ಟು ಅಪಾಯದ್ದೆಂಬುದು ಈ ಎಚ್ಚರಿಕೆಗಳಲ್ಲೇ ಇದೆ. ಅವಳನ್ನು ಕಾಡಬಹುದಾಗಿದ್ದ ಕೈಗಳೇ ಅವಳಿಗಾಗಿ ತೆನೆ ಬೀಳಿಸಬೇಕಾಗಿತ್ತು. ಕುಯ್ದು ಹಿಡಿ ಮಾಡುವುದಕ್ಕೆ ಕೂಲಿ ಪಡೆಯುವವನು ತಾನೇ ಕಟ್ಟಿದ್ದನ್ನು ಸಡಿಲಿಸುವುದೆಂದರೆ ತನ್ನ ಕೆಲಸವನ್ನು ತಾನೇ ಕೆಡಿಸಿದಂತೆ. ಆದರೂ ಮಾಡಿದರು. ಒಬ್ಬನೂ ನಕ್ಕು ಗುಟ್ಟು ಬಿಡಲಿಲ್ಲ, ಒಬ್ಬನೂ ಇದು ನಿನಗಾಗಿ ಎಂದು ಹೇಳಲಿಲ್ಲ. ಹೆಸರಿಲ್ಲದ ಈ ಹುಡುಗರು ಮಾಡಿದ್ದನ್ನು ಗ್ರಂಥ ಮತ್ತೆ ನೆನೆಯುವುದಿಲ್ಲ. ದೇವರ ಪ್ರೀತಿ ಬೋವಜನವರೆಗೆ ಬಂದು ನಿಂತಿದ್ದರೆ ರೂತಳಿಗೆ ಸಿಗುತ್ತಿದ್ದದ್ದು ಒಂದು ಹರಕೆ. ತೆನೆ ಸಿಕ್ಕಿದ್ದು ಅವರಿಂದ.

ಸಂಜೆ ಬಡಿದು ಅಳೆದರೆ ಒಂದು ಏಫಾ. ರೂಢಿಯ ಲೆಕ್ಕದಲ್ಲಿ ಸುಮಾರು 22 ಲೀಟರ್. ಹಕ್ಕಲಾಯ್ದು ಬದುಕಿದವರು ಯಾರೂ ಒಂದು ದಿನಕ್ಕೆ ಇಷ್ಟು ಕಂಡಿರಲಾರರು. ನೊವೊಮಿ ಅದನ್ನು ನೋಡಿದ ಕೂಡಲೇ, ಯಾರ ಹೊಲವೆಂದು ಗೊತ್ತಾಗುವ ಮೊದಲೇ, ನಿನ್ನ ಮೇಲೆ ಕಣ್ಣಿಟ್ಟವನಿಗೆ ಆಶೀರ್ವಾದವಾಗಲಿ ಎಂದಳು. ಹೆಸರು ಅಡಗಿಸಿದರೂ ಅಳತೆ ಅಡಗಲಿಲ್ಲ. ಬೋವಜನ ಹೆಸರು ಕೇಳಿದ ಮೇಲೆ ಅವಳು ಮತ್ತೆ ಹರಸುತ್ತಾಳೆ. ಬದುಕಿರುವವರಿಗೂ ಸತ್ತವರಿಗೂ ದಯೆ ತೋರುವುದನ್ನು ಬಿಡದವನು ಎಂಬ ಆ ವಾಕ್ಯದಲ್ಲಿ ದಯೆ ಯಾರದು, ದೇವರದೋ ಬೋವಜನದೋ? ಮೂಲದ ವ್ಯಾಕರಣ ಎರಡಕ್ಕೂ ಆಸ್ಪದ ಕೊಡುತ್ತದೆ. ವ್ಯಾಖ್ಯಾನಕಾರರು ತಲೆತಲಾಂತರದಿಂದ ಒಂದು ಪಕ್ಷಕ್ಕೆ ವಾಲಿಸಲು ಹೆಣಗಿದ್ದಾರೆ. ಹೆಣಗುವ ಅಗತ್ಯವೇ ಇಲ್ಲ. ಮೊದಲನೆಯ ಅಧ್ಯಾಯದಲ್ಲಿ ದೇವರು ತನ್ನ ಮೇಲೆ ಕೈಯೆತ್ತಿದ್ದಾನೆಂದು ದೂರಿದ್ದ ಹೆಂಗಸಿಗೆ ಈಗ ಆ ಕೈ ಎಲ್ಲಿ ಮುಗಿದು ನೆಂಟನ ಕೈ ಎಲ್ಲಿ ಶುರುವಾಗುತ್ತದೆಂದು ಬಿಡಿಸಿ ಹೇಳಲಾಗುತ್ತಿಲ್ಲ. ನಿರೂಪಕ ಅದನ್ನು ಹಾಗೇ ಬಿಟ್ಟಿದ್ದಾನೆ.

ದೇವರ ವಿಷಯದಲ್ಲಿ ಈ ನಿರೂಪಕ ಮಾಡಿರುವುದೂ ಇದನ್ನೇ. ದೇವರು ತಾನೇ ಮಾಡಿದನೆಂದು ನೇರವಾಗಿ ಹೇಳಿರುವ ಕೆಲಸ ಇಡೀ ಗ್ರಂಥದಲ್ಲಿ ಎರಡು: ಬರ ಕಳೆದು ತನ್ನ ಜನರಿಗೆ ಆಹಾರ ಕೊಟ್ಟದ್ದು, ಕೊನೆಯಲ್ಲಿ ರೂತಳಿಗೆ ಗರ್ಭಫಲ ಕೊಟ್ಟದ್ದು. ನಡುವೆ ದರ್ಶನವಿಲ್ಲ, ದೂತನಿಲ್ಲ, ಕನಸಿಲ್ಲ. ರೂತಳು ಬೋವಜನ ಹೊಲಕ್ಕೆ ಬಂದದ್ದು ಆಕಸ್ಮಿಕವೆಂದೇ ಅವನು ಹೇಳುತ್ತಾನೆ. ಈ ಕಾರಣಕ್ಕೆ ಇದನ್ನು ಲೌಕಿಕ ಕಥೆಯೆಂದು ಕರೆದವರಿದ್ದಾರೆ. ಆದರೆ ಬೋವಜ ತೆನೆಯನ್ನು ಹೇಗೆ ಬಿಟ್ಟನೋ ದೇವರು ಆ ಹೊಲವನ್ನು ಹಾಗೆಯೇ ಅವಳ ದಾರಿಯಲ್ಲಿ ಬಿಟ್ಟಿದ್ದಾನೆ. ಎತ್ತಿಕೊಂಡವಳಿಗೆ ಅದು ಆಕಸ್ಮಿಕ. ಅವಳ ದುಡಿಮೆ ಅವಳದಾಗಿಯೇ ಉಳಿಯಲೆಂದು ಒಡೆಯ ಹಿಂದೆ ಸರಿದದ್ದನ್ನು ಗೈರುಹಾಜರಿ ಎನ್ನುವುದು ತಪ್ಪು. ನಿರೂಪಣೆಯ ತಂತ್ರ ಮತ್ತು ಅದು ಹೇಳುವ ದೇವರ ಪ್ರೀತಿ ಇಷ್ಟು ಹೊಂದಿಕೊಂಡಿರುವ ಇನ್ನೊಂದು ಕಥೆಯನ್ನು ಹೀಬ್ರೂ ಬೈಬಲಿನಲ್ಲಿ ನಾನು ಓದಿಲ್ಲ. ಬೋವಜನ ಪ್ರಾರ್ಥನೆಯಲ್ಲಿ ಬಂದ ರೆಕ್ಕೆ ಮೂರನೆಯ ಅಧ್ಯಾಯದಲ್ಲಿ ರೂತಳು ಕೇಳುವ ಹೊದಿಕೆಯ ಅಂಚಾಗಿ ಮರಳುವುದನ್ನು ಎಲ್ಲರೂ ಮೆಚ್ಚುತ್ತಾರೆ, ಅದು ಮೆಚ್ಚತಕ್ಕದ್ದೇ. ಬೀಳಿಸಿದ ತೆನೆ ಅದಕ್ಕಿಂತ ಆಳವಾದದ್ದು. ಮಾತು ಮರಳಿ ಬರದಿದ್ದರೂ ಅದು ಕೆಲಸ ಮಾಡುತ್ತದೆ.

ಇನ್ನು ಅನುಮಾನದ ಓದುಗರು. ಡ್ಯಾನಾ ಫ್ಯೂವೆಲ್ ಮತ್ತು ಡೇವಿಡ್ ಗನ್ 1990ರ ತಮ್ಮ ಪುಸ್ತಕದಲ್ಲಿ ನೊವೊಮಿಯ ಸ್ವಾರ್ಥವನ್ನೂ ಬೋವಜನ ಲೆಕ್ಕಾಚಾರವನ್ನೂ ಬಗೆದು ತೋರಿಸಿದರು. ಯಾರ ಮನಸ್ಸೂ ಶುದ್ಧವಲ್ಲ, ಎಲ್ಲರೂ ಏನನ್ನೋ ಬಯಸಿದ್ದಾರೆ ಎಂಬುದು ಅವರ ನಿಲುವು. ಬಯಕೆ ಇದ್ದರೆ ಪ್ರೀತಿಯಲ್ಲ ಎಂಬ ತರ್ಕವನ್ನು ನಾನು ಒಪ್ಪುವುದಿಲ್ಲ. ಬೋವಜನಿಗೆ ರೂತಳು ಇಷ್ಟವಾಗಿದ್ದರೆ ಅವಳು ನೋಡುವಂತೆ ಕೊಡುವುದು ಅವನಿಗೆ ಲಾಭದ ದಾರಿಯಾಗಿತ್ತು. ಅವಳ ಬೆನ್ನ ಹಿಂದೆ ಕೊಟ್ಟದ್ದನ್ನು ಈ ಓದು ವಿವರಿಸಲಾರದು.

ಲಾರಾ ಡೊನಾಲ್ಡ್‌ಸನ್ ಅವರ ಆಕ್ಷೇಪ ಇದಕ್ಕಿಂತ ಗಂಭೀರವಾದದ್ದು. 1999ರಲ್ಲಿ, ಅಮೆರಿಕದ ಮೂಲನಿವಾಸಿಗಳ ಅನುಭವದ ಕಡೆಯಿಂದ ಬರೆಯುತ್ತ, ಅವರು ಒರ್ಫಾಳ ಪರ ನಿಂತರು. ತನ್ನ ಜನ, ತನ್ನ ದೇವರನ್ನು ತೊರೆದು ಗೆದ್ದವರಲ್ಲಿ ಕರಗಿಹೋದ ರೂತಳಿಗಿಂತ ತಾಯಿಯ ಮನೆಗೆ ಮರಳಿದ ಒರ್ಫಾಳಲ್ಲಿ ಅವರಿಗೆ ಭರವಸೆ ಕಂಡಿತು. ಧರ್ಮ ಬದಲಿಸಿದ್ದನ್ನೇ ಪ್ರೀತಿಯ ಪುರಾವೆ ಎಂದು ಸಾರಿದ ಮಿಷನರಿ ಉಪದೇಶಗಳನ್ನು ಕೇಳಿ ಬೆಳೆದ ನಮ್ಮ ದೇಶದ ಕ್ರೈಸ್ತರು ಈ ಮಾತನ್ನು ಹಗುರವಾಗಿ ತಳ್ಳಿಹಾಕಬಾರದು. ಒರ್ಫಾಳಿಗೆ ಅನ್ಯಾಯವಾಗಿದೆ, ನಿಜ. ರಬ್ಬಿಗಳು ಅವಳನ್ನು ಗೊಲ್ಯಾತನ ವಂಶದ ಮೂಲವಾಗಿಸಿದರು. ಆ ಅನ್ಯಾಯ ವ್ಯಾಖ್ಯಾನಕಾರರದು, ಗ್ರಂಥದ್ದಲ್ಲ. ಸತ್ತವರಿಗೂ ತನಗೂ ದಯೆ ತೋರಿದಿರೆಂದು ನೊವೊಮಿ ಹರಸಿದ್ದು ಇಬ್ಬರು ಸೊಸೆಯರನ್ನೂ. ದೇವರು ತೋರಬೇಕಾದ ದಯೆಗೆ ಆ ಇಬ್ಬರು ಮೋವಾಬ್ಯ ಹೆಂಗಸರ ನಡತೆಯನ್ನೇ ಅವಳು ಮಾದರಿಯಾಗಿಟ್ಟಳು. ಒರ್ಫಾ ಅತ್ತು, ಮುದ್ದಿಟ್ಟು ಹೊರಟಳು, ಅವಳ ಮೇಲೆ ಒಂದು ಕೆಟ್ಟ ಮಾತೂ ಇಲ್ಲ. ಡೊನಾಲ್ಡ್‌ಸನ್ ಕೂಡ ಕಥೆಯ ಭಾರವನ್ನೆಲ್ಲ ಆಣೆಯ ಮೇಲೆ ಹೊರಿಸಿಯೇ ರೂತಳನ್ನು ತೂಗಿದ್ದಾರೆ. ಆಣೆಯನ್ನು ಪೂಜಿಸುವವರೂ ಅದನ್ನು ಶಂಕಿಸುವವರೂ ಒಂದೇ ಪುಟದಲ್ಲಿ ನಿಂತಿದ್ದಾರೆ. ಅದಕ್ಕೂ ಮಿಗಿಲಾಗಿ, ರೂತಳು ಕರಗಿಹೋದಳೆಂಬುದೇ ಸರಿಯಲ್ಲ. ನಾಲ್ಕನೆಯ ಅಧ್ಯಾಯದಲ್ಲಿ, ಊರ ಬಾಗಿಲಲ್ಲಿ ಹಿರಿಯರ ಮುಂದೆ ಕೂಡ ಅವಳು ಮೋವಾಬ್ಯಳೇ.

ಈ ವಿಮರ್ಶಕರಿಗಿಂತ ಹೆಚ್ಚು ಕೆಡುಕು ಮಾಡಿದವರು ಬೋವಜನನ್ನು ಕ್ರಿಸ್ತನ ಮುಂಗುರುತಾಗಿಸಿದ ಉಪದೇಶಕರು. ಬಿಡಿಸುವ ನೆಂಟ ಎಂಬ ಒಂದು ಎಳೆ ಹಿಡಿದು, ಬೋವಜನೆಂದರೆ ವಿಮೋಚಕ, ರೂತಳೆಂದರೆ ಸಭೆ ಎಂದು ಹೊಂದಿಸಿಬಿಟ್ಟರೆ ಓದುವುದಕ್ಕೆ ಇನ್ನೇನೂ ಉಳಿಯುವುದಿಲ್ಲ. ಬೋವಜನ ದೋಷವೂ ಆಗ ಕಾಣುವುದಿಲ್ಲ. ಎಲೀಮೆಲೆಕನ ವಂಶದವನು, ಅನುಕೂಲಸ್ಥ, ನೊವೊಮಿ ಹಿಂತಿರುಗಿದ್ದೂ ರೂತಳು ಮಾಡಿದ್ದೂ ತನಗೆ ಗೊತ್ತೆಂದು ಅವನೇ ಹೇಳುತ್ತಾನೆ. ಗೊತ್ತಿದ್ದೂ ಆ ಇಬ್ಬರು ವಿಧವೆಯರ ಮನೆಗೆ ಅವನು ಒಂದು ಸೇರು ಕಾಳನ್ನೂ ಕಳಿಸಿರಲಿಲ್ಲ. ಅವಳು ಅವನ ಹೊಲಕ್ಕೆ ಬಂದು ಬಗ್ಗಬೇಕಾಯಿತು. ಕೊಯ್ಲೆಲ್ಲ ಮುಗಿದರೂ ನೆಂಟನ ಹೊಣೆಯ ಮಾತು ಅವನ ಬಾಯಿಂದ ಬರಲಿಲ್ಲ. ರಾತ್ರಿ ಕಣಕ್ಕೆ ಹೋಗಿ ಅವಳೇ ಕೇಳಬೇಕಾಯಿತು. ಈ ತಡವನ್ನು ಮುಚ್ಚಿಟ್ಟರೆ ಕಥೆಯ ಚಲನೆಯೇ ನಿಲ್ಲುತ್ತದೆ. ಬೋವಜ ರೂತಳಿಂದ ಕಲಿಯುತ್ತಿದ್ದಾನೆ. ದಯೆಯಲ್ಲಿ ಅವಳು ಮುಂದೆ, ಅವನು ಹಿಂದೆ. ಕಣದ ಮೇಲೆ ಅವಳ ಮೊದಲಿನ ದಯೆಗಿಂತ ಈಗಿನದು ದೊಡ್ಡದೆಂದು ಒಪ್ಪಿಕೊಳ್ಳುವವನೂ ಅವನೇ. ಹಾಗಿದ್ದೂ ಅವನನ್ನು ಕ್ರಿಸ್ತನ ಸ್ಥಾನದಲ್ಲಿ ಕೂರಿಸುವುದು ಕ್ರಿಸ್ತನಿಗೂ ನ್ಯಾಯವಲ್ಲ, ಅವನಿಗೂ ನ್ಯಾಯವಲ್ಲ.

ನಮ್ಮ ಅನೇಕ ಸಭೆಗಳ ಸುಗ್ಗಿ ಹಬ್ಬದಲ್ಲಿ ಕಾಣಿಕೆಯ ತೆಂಗು, ಬಾಳೆ, ಕೋಳಿಗಳನ್ನು ಏಲಂ ಹಾಕಿ, ಕೂಗಿದವರ ಹೆಸರನ್ನು ಎಲ್ಲರ ಮುಂದೆ ಹೇಳುತ್ತಾರೆ. ಆ ಹಣದಿಂದ ಒಳ್ಳೆಯ ಕೆಲಸಗಳು ನಡೆದಿವೆ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಅದೇ ಹಬ್ಬದ ಬೆಳಿಗ್ಗೆ ಪ್ರಸಂಗಪೀಠದಿಂದ ರೂತಳ ಕಥೆ ಹೇಳಿ, ಬೇಕೆಂದೇ ತೆನೆ ಬಿಡಿ ಎಂಬ ಅಪ್ಪಣೆಯಿರುವ ಎರಡನೆಯ ಅಧ್ಯಾಯದ 16ನೆಯ ವಚನದ ಬಳಿ ನಿಲ್ಲದೆ ಹೋಗುವುದು ನನಗೆ ನೋವಿನ ಸಂಗತಿ.

ಗ್ರಂಥದಲ್ಲಿ ಕುಂದುಗಳೂ ಇವೆ. ಹೊಲದ ವಿಚಾರವನ್ನೂ ಮದುವೆಯ ವಿಚಾರವನ್ನೂ ಬೆಸೆಯುವ ನಾಲ್ಕನೆಯ ಅಧ್ಯಾಯದ ವ್ಯವಹಾರ ಗೋಜಲಾಗಿದೆ. ಕೊನೆಯ ವಂಶಾವಳಿ ಆಮೇಲೆ ಹೊಲಿದ ತೇಪೆಯಂತೆ ಕಾಣುತ್ತದೆ. ರೂತಳು ಆ ಅಧ್ಯಾಯದಲ್ಲಿ ಬಾಯಿ ಬಿಡುವುದೇ ಇಲ್ಲ. ಅವಳು ಹೆತ್ತ ಮಗುವನ್ನು ಊರ ಹೆಂಗಸರು ನೊವೊಮಿಯ ಮಗನೆನ್ನುತ್ತಾರೆ, ಹೆಸರಿಡುವವರೂ ಅವರೇ. ವಂಶ ಸಿಕ್ಕಿದ ಮೇಲೆ ಪರದೇಶದ ಹೆಣ್ಣನ್ನು ಕಥೆ ಅಳಿಸಿಹಾಕಿತೆಂದು ಇತ್ತೀಚಿನ ವಿಮರ್ಶಕರು ಆರೋಪಿಸುತ್ತಾರೆ.

ಆದರೆ ಅವಳ ಕೊನೆಯ ಮಾತು ಯಾವುದು? ಅದಿರುವುದು ಮೂರನೆಯ ಅಧ್ಯಾಯದ ಅಂಚಿನಲ್ಲಿ. ಕಣದಿಂದ ನಸುಕಿನಲ್ಲಿ ಮರಳಿದವಳು ಹೊದಿಕೆಯಲ್ಲಿದ್ದ ಆರು ಅಳತೆ ಜವೆಗೋಧಿಯನ್ನು ತೋರಿಸಿ, ಅತ್ತೆಯ ಬಳಿಗೆ ಬರಿಗೈಯಲ್ಲಿ ಹೋಗಬೇಡವೆಂದು ಬೋವಜ ಹೇಳಿದನು ಎನ್ನುತ್ತಾಳೆ. ಎರಡು ವಚನ ಹಿಂದಕ್ಕೆ ಹೋಗಿ ನೋಡಿ. ಬೋವಜ ಕಾಳನ್ನು ಅಳೆದ, ಹೊರಿಸಿದ. ಆ ಮಾತನ್ನು ಅವನು ಆಡಿದ್ದು ಅಲ್ಲಿಲ್ಲ. ನಿರೂಪಕ ಬಿಟ್ಟನೋ, ರೂತಳೇ ಸೇರಿಸಿದಳೋ, ನಾವು ತೀರ್ಮಾನಿಸಬೇಕು. ಅವಳೇ ಸೇರಿಸಿದಳೆಂದು ನಾನು ಓದುತ್ತೇನೆ. ಬರಿಗೈ ಎಂದು ಊರ ಮುಂದೆ ಗೋಳಾಡಿದವಳು ನೊವೊಮಿ. ಆಗ ಪಕ್ಕದಲ್ಲಿ ನಿಂತು ಕೇಳಿಸಿಕೊಂಡವಳು ರೂತಳು. ತನ್ನನ್ನು ಲೆಕ್ಕಕ್ಕೇ ಹಿಡಿಯದ ಆ ಮಾತಿಗೆ ಅವಳು ಇಷ್ಟು ದಿನ ಉತ್ತರ ಕೊಟ್ಟಿರಲಿಲ್ಲ. ಈಗ ಕೊಟ್ಟಳು, ಅದೂ ಬೋವಜನ ಹೆಸರಿನಲ್ಲಿ. ಊರ ದೊಡ್ಡ ಮನುಷ್ಯನೊಬ್ಬ ನಿನ್ನ ಬರಿಗೈಯನ್ನು ನೆನೆದಿದ್ದಾನೆ ಎಂಬ ಗೌರವ ಮುದುಕಿಗೆ ಸಿಗಲಿ ಎಂದು. ಆಳುಗಳು ಹೊಲದಲ್ಲಿ ಮಾಡಿದ್ದನ್ನು ಅವಳು ಮನೆಯೊಳಗೆ ಮಾಡಿದ್ದಾಳೆ. ರೂತಳ ಬಾಯಿಗೆ ಕಥೆ ಕೊಟ್ಟ ಕೊನೆಯ ವಾಕ್ಯ ಇದು. ನಾಲ್ಕನೆಯ ಅಧ್ಯಾಯದಲ್ಲಿ ಅವಳನ್ನು ಅಳಿಸಿದ್ದಾರೆ ಎನ್ನುವವರು ಮೊದಲು ಈ ವಾಕ್ಯಕ್ಕೆ ಲೆಕ್ಕ ಕೊಡಬೇಕು.